ಬಾಗಿಲಲ್ಲಿ ಹತ್ತು ನಿಮಿಷ

ಫೆಬ್ರವರಿ 3, ಸೋಮವಾರ. ಸಂಜೆ 4.10

ಹೆಂಡತಿ ಐದೂವರೆಗೇ ಹೋದಳು. ಆಸ್ಪತ್ರೆಯ ಲಾಂಡ್ರಿ, ಆರರಿಂದ ಎರಡರ ಪಾಳಿ. ನಮ್ಮ ಮಗಳು, ಮರಿ, ಎದ್ದದ್ದು ಆರೂಕಾಲಿಗೆ. ತಲೆ ಬಾಚಲು ಇಪ್ಪತ್ತು ನಿಮಿಷ — ಬಾಚಿದ್ದು ಎರಡು, ಉಳಿದದ್ದು ಬಾಚಣಿಗೆ ಹಿಡಿದು ಹಿಂದೆ ಓಡಿದ್ದು. ಸಾಕ್ಸ್: ನೀಲಿ ಬೇಡ, ಬಿಳಿ ಬೇಡ, ನಿನ್ನೆಯದೇ ಬೇಕು. ನಿನ್ನೆಯದು ಒಗೆದು ಹಾಕಿದ್ದೆ, ಒದ್ದೆ. ಒದ್ದೆಯದನ್ನೇ ತೊಡಿಸಿದೆ. ಬೇಡ ಎಂದು ಬಾಯಿಬಿಟ್ಟು ಹೇಳುವವಳಲ್ಲ. ಒಂಬತ್ತು ತುಂಬಿದರೂ ಒಂದು ಮಾತು ಬಂದಿಲ್ಲ. ಎಸೆಯುತ್ತಾಳೆ. ಎಸೆದದ್ದು ಬೇಡ, ಎಸೆಯದೆ ಇದ್ದದ್ದು ಬೇಕು. ಒಂದು ಲೆಕ್ಕಕ್ಕೆ ನಮ್ಮೆಲ್ಲರಿಗಿಂತ ಸ್ಪಷ್ಟ.

ಒಂಬತ್ತಕ್ಕೆ ಶಾಲೆ. ಅವಳಂಥ ಮಕ್ಕಳದೇ ಶಾಲೆ, ನಡೆದರೆ ಹದಿನೈದು ನಿಮಿಷ. ಮರಿಯ ಜೊತೆ ನಲವತ್ತು. ಉದ್ದನೆಯ ಕಬ್ಬಿಣದ ಬೇಲಿಯ ಒಂದೊಂದು ಕಂಬಿಯನ್ನೂ ಮುಟ್ಟಬೇಕು. ಒಂದು ಬಿಟ್ಟುಹೋದರೆ ಮೊದಲಿನಿಂದ. ಒಂದಕ್ಕೆ ಕರೆತಂದು ಉಣ್ಣಿಸಿ ಕಾಯುತ್ತೇನೆ. ಎರಡು ಇಪ್ಪತ್ತಕ್ಕೆ ಇವಳು ಬರುತ್ತಾಳೆ, ಎರಡೂವರೆಗೆ ನಾನು ಹೊರಡುತ್ತೇನೆ. ಆ ಹತ್ತು ನಿಮಿಷವೇ ನಮ್ಮ ಸಂಸಾರ. ಅವಳು ಚಪ್ಪಲಿ ಬಿಡುತ್ತಿರುತ್ತಾಳೆ, ನಾನು ಹಾಕಿಕೊಳ್ಳುತ್ತಿರುತ್ತೇನೆ. ಉಂಡಳಾ — ಉಂಡಳು. ಔಷಧಿ — ಆಯ್ತು. ಅಷ್ಟೇ. ನಾನು ಕನ್ನಡಕದ ಅಂಗಡಿಯಿಂದ ಮನೆ ಸೇರುವಾಗ ಇಬ್ಬರೂ ಮಲಗಿರುತ್ತಾರೆ.

ಇವತ್ತು ಇವಳು ಬಂದದ್ದು ಎರಡು ಮುಕ್ಕಾಲಿಗೆ. ಅಂಗಡಿ ಮುಟ್ಟಿದಾಗ ಮೂರೂಕಾಲು. ಯಜಮಾನರು ಬೈಯಲಿಲ್ಲ. ನನ್ನ ಮುಖ ನೋಡುವ ಬದಲು ಗಡಿಯಾರ ನೋಡಿದರು.

ಇದನ್ನು ಬರೆಯುತ್ತಿರುವುದು ಹಳೆಯ ಆರ್ಡರ್ ಪುಸ್ತಕದ ಹಿಂಬದಿಯಲ್ಲಿ. ಲೆನ್ಸ್ ಯಂತ್ರಕ್ಕೆ ಕೊಟ್ಟರೆ ಕಲ್ಲು ತಿರುಗಿ ಅಂಚು ಉಜ್ಜಲು ನಾಲ್ಕು ನಿಮಿಷ. ನಾಲ್ಕು ನಿಮಿಷ ಕೈ ಖಾಲಿ. ಹಿಂದಿನ ಕೋಣೆಯಲ್ಲಿ ನಾನು, ಕಲ್ಲು, ತೊಟ್ಟಿಕ್ಕುವ ನೀರು. ಯಾರಿಗೆ ಹೇಳಲಿ?


ಫೆಬ್ರವರಿ 6, ಗುರುವಾರ. 5.00

ಮತ್ತೆ ತಡ. ಎರಡು ಐವತ್ತು. ಯಾಕೆ ಎಂದೆ. ಬಸ್ಸು ಅಂದಳು. ಮೊದಲು ಇದೇ ಬಸ್ಸು ಸರಿಯಾಗಿ ಬರುತ್ತಿತ್ತಲ್ಲ ಎಂದೆ. ಮರಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳ ಮುಖವನ್ನು ಸರಿಯಾಗಿ ನೋಡಿ ಎಷ್ಟು ದಿನವಾಯಿತು? ಗಿರಾಕಿಗಳ ಎರಡು ಕಣ್ಣಿನ ನಡುವಿನ ಅಂತರ ಅಳೆಯುವುದು ನನ್ನ ಕೆಲಸ. ಅವಳದು ಎಷ್ಟು, ಗೊತ್ತಿಲ್ಲ.


ಫೆಬ್ರವರಿ 11, ಮಂಗಳವಾರ

ಬರೆಯಲು ಏನೂ ಇಲ್ಲ.


ಫೆಬ್ರವರಿ 12, ಬುಧವಾರ. 3.40

ಶಾಲೆಯ ಬಾಗಿಲಲ್ಲಿ ಟೀಚರ್ ತಡೆದರು. ಮರಿಯ ತೋಳು ಮೇಲೆತ್ತಿ ತೋರಿಸಿದರು. ಮೊಣಕೈಗಿಂತ ಸ್ವಲ್ಪ ಮೇಲೆ, ನೇರಳೆ ಬಣ್ಣ. ಇದೇನು ಎಂದರು. ಗೇಟಿಗೆ ತಗುಲಿತು ಎಂದೆ. ಅಷ್ಟು ಸಲೀಸಾಗಿ ಬಂತು ಬಾಯಿಗೆ. ಟೀಚರ್ ಹೂಂ ಎಂದರು. ನನ್ನನ್ನೇ ನೋಡುತ್ತಿದ್ದರು. ನಾನು ಮರಿಯ ಬ್ಯಾಗಿನ ಜಿಪ್ ನೋಡುತ್ತಿದ್ದೆ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಇಲ್ಲಾದರೂ ನಿಜ ಬರೆಯಬೇಕು.

ಮೊನ್ನೆ ಸೋಮವಾರ ಬೇಲಿಯ ಪಕ್ಕದ ದಾರಿ ಅಗೆದುಹಾಕಿದ್ದರು, ಪೈಪಿಗಾಗಿ. ಅಡ್ಡ ಹಲಗೆ. ಆಚೆ ರಸ್ತೆಯಿಂದ ಹೋಗಬೇಕು. ಮರಿಗೆ ಅದು ಹೇಗೆ ತಿಳಿಯಬೇಕು? ಬೇಲಿ ಕಾಣಿಸುತ್ತಿದೆ, ಮುಟ್ಟಲು ಬಿಡುತ್ತಿಲ್ಲ. ಕೆಳಗೆ ಕೂತಳು. ಕಿರುಚಿದಳು. ತನ್ನ ಕೈ ತಾನೇ ಕಚ್ಚಿಕೊಂಡಳು. ಅರ್ಧ ಗಂಟೆ. ಜನ ಸೇರಿದರು. ಒಬ್ಬ ಫೋನ್ ಎತ್ತಿ ಹಿಡಿದ. ಒಬ್ಬ ಹೆಂಗಸು ತನ್ನ ಪಕ್ಕದವಳಿಗೆ ಹೇಳಿದಳು, ನನಗೆ ಕೇಳಲೆಂದೇ — ಅಪ್ಪಂದಿರು ಮುದ್ದು ಮಾಡಿದ್ರೆ ಹೀಗೇ ಆಗೋದು.

ಆಮೇಲೆ ನನ್ನ ಕೈ ಅವಳ ತೋಳಿನ ಮೇಲಿತ್ತು. ಹಿಡಿದೆ. ಎಬ್ಬಿಸಲು ಹಿಡಿದದ್ದಲ್ಲ. ನೋಯಲಿ ಎಂದು ಹಿಡಿದೆ. ಆ ಕ್ಷಣ ಅದೇ ಬೇಕಾಗಿತ್ತು ನನಗೆ. ಅವಳು ತಟ್ಟನೆ ಸುಮ್ಮನಾದಳು. ಅತ್ತಿದ್ದರೂ ಆಗುತ್ತಿತ್ತು. ಸುಮ್ಮನಾಗಿ ನನ್ನ ಕೈಯನ್ನೇ ನೋಡಿದಳು, ಅದು ಯಾರದೋ ಎಂಬಂತೆ.

ನಾಲ್ಕು ಬೆರಳು, ಒಂದು ಹೆಬ್ಬೆರಳು. ಗೇಟಿಗೆ ಬೆರಳಿರುತ್ತದೆಯೇ?

ಇವಳು ಸ್ನಾನ ಮಾಡಿಸುವಾಗ ನೋಡಿಯೇ ಇರುತ್ತಾಳೆ. ಏನೂ ಕೇಳಿಲ್ಲ. ಅದೇ ಹೆಚ್ಚು ಸುಡುತ್ತದೆ.


ಫೆಬ್ರವರಿ 13, ಗುರುವಾರ

ಟೀಚರ್ ಒಂದು ಚೀಟಿ ಕೊಟ್ಟರು. ಪ್ರತಿ ಗುರುವಾರ ಹತ್ತರಿಂದ ಹನ್ನೊಂದೂವರೆ, ಶಾಲೆಯ ಹಿಂದಿನ ಕೋಣೆ. ತಂದೆತಾಯಿಗಳಿಗಾಗಿ. ಒತ್ತಡ ನಿಭಾಯಿಸುವುದು ಹೇಗೆ. ಕೌನ್ಸೆಲರ್ ಬರುತ್ತಾರಂತೆ. "ಇವತ್ತೇ ಇದೆ, ಬನ್ನಿ" ಅಂದರು. ಕೆಲಸವಿದೆ ಎಂದೆ. ನನ್ನ ಕೆಲಸ ಮೂರಕ್ಕೆ ಎಂದು ಅವರಿಗೆ ಗೊತ್ತು.

ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟೆ. ಹತ್ತರಿಂದ ಹನ್ನೊಂದೂವರೆಯ ತನಕ ಮನೆಯಲ್ಲಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.


ಫೆಬ್ರವರಿ 20, ಗುರುವಾರ. 3.30

ಹೋದೆ. ಹೋಗಿ ಕಂಬ ನುಂಗಿದವನಂತೆ ಕೂತೆ.

ಪುಟ್ಟ ಕುರ್ಚಿಗಳು, ಮಕ್ಕಳವೇ. ಮೊಣಕಾಲು ಗಲ್ಲಕ್ಕೆ ಬರುತ್ತದೆ. ಏಳು ಹೆಂಗಸರು, ಗಂಡಸು ನಾನೊಬ್ಬನೇ. ಒಳಗೆ ಕಾಲಿಟ್ಟಾಗ ಮಾತು ನಿಂತಿತು. ಒಬ್ಬರು, ಮೊಮ್ಮಗಳನ್ನು ಸಾಕುತ್ತಿರುವ ಅಜ್ಜಿ, ಫ್ಯಾನ್ ರಿಪೇರಿಗೆ ಬಂದೆಯೇನಪ್ಪ ಎಂದರು. ಅಲ್ಲ, ಮರಿಯ ಅಪ್ಪ ಎಂದೆ. ಹಾಗಾದ್ರೆ ಫ್ಯಾನೂ ನೋಡು, ಮೂರು ತಿಂಗಳಿಂದ ಗೊರಗೊರ ಅಂತಿದೆ, ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನೋ ಏನೋ.

ಕೌನ್ಸೆಲರ್‌ಗೆ ಮೂವತ್ತು ದಾಟಿರಲಿಕ್ಕಿಲ್ಲ. ಮೊದಲಿಗೆ ಕಣ್ಣು ಮುಚ್ಚಿ ಉಸಿರು ಎಳೆದು, ನಿಧಾನಕ್ಕೆ ಬಿಡಿ ಎಂದರು. ಬಿಟ್ಟೆ. ಉಸಿರು ಹೊರಗೆ ಹೋಯಿತು, ಉಳಿದದ್ದೆಲ್ಲ ಒಳಗೇ ಇತ್ತು. ಆಮೇಲೆ ಒಂದು ಪ್ರಶ್ನೆ: ಕಳೆದ ವಾರ ನಿಮಗೋಸ್ಕರ ಅಂತ ಏನು ಮಾಡಿದಿರಿ? ಅಜ್ಜಿ ಹೇಳಿದರು, ಕಾಲಿನ ಉಗುರು ಕತ್ತರಿಸಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಬಸ್ ಕಂಡಕ್ಟರ್, ಯೂನಿಫಾರ್ಮಿನಲ್ಲೇ ಇದ್ದರು. ಡ್ರೈವರ್ ಡೀಸೆಲ್ ಹಾಕಿಸುವಾಗ ಹಿಂದಿನ ಸೀಟಿನಲ್ಲಿ ಆರು ನಿಮಿಷ ಮಲಗಿದೆ ಎಂದರು. ನನ್ನ ಸರದಿ ಬಂತು. ಗಡ್ಡ ಬೋಳಿಸಿಕೊಂಡೆ ಎಂದೆ. ಕಂಡಕ್ಟರ್ ತಿರುಗಿ ನೋಡಿ, ಅದೂ ಅರ್ಧ, ಎಂದರು. ನಿಜ. ಎಡಗಡೆ ಬಿಟ್ಟುಹೋಗಿತ್ತು. ಮರಿ ಏನೋ ಬೀಳಿಸಿದ್ದಳು, ಓಡಿದ್ದೆ.

ಬೇರೆ ಏನೂ ಮಾತಾಡಲಿಲ್ಲ. ಹೊರಡುವಾಗ ಕೌನ್ಸೆಲರ್ ಮುಂದಿನ ವಾರ ಎಂದರು. ನೋಡೋಣ ಎಂದೆ. ನೋಡೋಣ ಎಂದರೆ ಬರುವುದಿಲ್ಲ ಎಂದು ಅವರಿಗೂ ಗೊತ್ತಿರಬೇಕು.


ಫೆಬ್ರವರಿ 27, ಗುರುವಾರ. 6.15

ಮತ್ತೆ ಹೋದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿದ್ದೆ, ಫ್ಯಾನ್ ಸರಿ ಮಾಡಿದೆ. ಏನಾದರೂ ಮಾಡಿದ ಮೇಲೆ ಕೂರುವುದು ಸುಲಭ.

ಕಂಡಕ್ಟರ್ ಇವತ್ತು ಮಗಳ ವಿಷಯ ಹೇಳಿದರು. ಹದಿನೈದು ವರ್ಷ, ಗಾಲಿಕುರ್ಚಿ. ಸ್ನಾನಕ್ಕೆ, ಹಾಸಿಗೆಗೆ ಇವರೇ ಎತ್ತಬೇಕು. ಈಗ ತಾಯಿಗಿಂತ ತೂಕ ಮಗಳದೇ ಹೆಚ್ಚು. ಬೆನ್ನು ಹೋಗಿದೆ. ಕೌನ್ಸೆಲರ್ ನೋವು ಎಲ್ಲಿ ಎಂದು ಕೇಳಿದರು. ಬೆನ್ನಲ್ಲಿ ಎಂದರು ಕಂಡಕ್ಟರ್. ಆಮೇಲೆ — "ಬೆನ್ನು ಹೋದ್ರೆ ಹೋಗ್ಲಿ ಮೇಡಂ. ನಾನು ಹೋದ್ರೆ ಅವಳನ್ನ ಯಾರು ಎತ್ತುತ್ತಾರೆ ಅನ್ನೋದು ಎಲ್ಲಿ ನೋಯುತ್ತೆ ಅಂತ ನಂಗೆ ಹೇಳಕ್ಕೆ ಬರಲ್ಲ."

ಯಾರೂ ಸಮಾಧಾನ ಹೇಳಲಿಲ್ಲ. ಅಜ್ಜಿ ಬಿಸ್ಕತ್ತಿನ ಡಬ್ಬಿ ಅವರ ಕಡೆ ತಳ್ಳಿದರು. ಅವರು ಒಂದು ತೆಗೆದುಕೊಂಡರು. ನನಗೆ ಅದು ಹಿಡಿಸಿತು. ನನ್ನ ಅಣ್ಣನಾಗಿದ್ದರೆ ಎಲ್ಲ ಒಳ್ಳೇದಾಗುತ್ತೆ ಎನ್ನುತ್ತಿದ್ದ. ಅಣ್ಣ ಕಳೆದ ಒಂದು ವರ್ಷದಿಂದ ಮನೆಗೆ ಬಂದಿಲ್ಲ. ಫೋನಿನಲ್ಲಿ ಎಲ್ಲ ಒಳ್ಳೇದಾಗುತ್ತೆ ಎನ್ನುತ್ತಾನೆ.

ಮರಿಯ ತೋಳಿನ ಗುರುತು ಹಳದಿಗೆ ತಿರುಗಿದೆ. ಮಾಯುತ್ತಿದೆ. ಮಾಸಿಹೋದರೆ ಹೇಳುವ ಅಗತ್ಯವೇ ಇಲ್ಲ, ಎಂದು ಒಂದು ಮನಸ್ಸು. ಆ ಮನಸ್ಸನ್ನು ಕಂಡರೆ ನನಗೆ ಭಯ.


ಮಾರ್ಚ್ 4, ಮಂಗಳವಾರ. 5.20

ಯಂತ್ರ ಮೂರು ಸಲ ನಿಂತಿತು, ನಾನು ಬರೆಯುತ್ತಲೇ ಇದ್ದೇನೆ. ಯಜಮಾನರು ಬೈಯಲಿ.

ಶಾಲೆಯಲ್ಲಿ ಇವತ್ತು ಗುಂಪು ಫೋಟೊ. ಮಕ್ಕಳನ್ನು ನಾಲ್ಕಕ್ಕೆ ಬಿಡುತ್ತಾರೆ ಎಂದು ನಿನ್ನೆ ಚೀಟಿ ಬಂದಿತ್ತು. ಇವಳಿಗೆ ಹೇಳಿರಲಿಲ್ಲ. ಒಂದು ಯೋಚನೆ ಹೊಳೆದಿತ್ತು. ಎರಡಕ್ಕೆ ಆಸ್ಪತ್ರೆಯ ಸ್ಟಾಪಿನಲ್ಲಿ ನಿಂತಿರಬೇಕು, ಇವಳು ಬಂದೊಡನೆ ಎಲ್ಲಾದರೂ ಕೂತು ಇಬ್ಬರೂ ಕಾಫಿ ಕುಡಿಯಬೇಕು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡೆ. ಗಡ್ಡ ಎರಡೂ ಕಡೆ ಬೋಳಿಸಿಕೊಂಡೆ.

ತಲುಪುವಾಗ ತಡವಾಯಿತು. ಇವಳು ಬಸ್ ಹತ್ತುತ್ತಿದ್ದಳು. ಓಡಿ ಹಿಂದಿನ ಬಾಗಿಲಿನಿಂದ ಹತ್ತಿದೆ. ತುಂಬಿತ್ತು, ಮುಂದೆ ಹೋಗಲಾಗಲಿಲ್ಲ. ನಮ್ಮ ಸ್ಟಾಪಿನಲ್ಲಿ ಇಳಿದ ಮೇಲೆ ಕರೆಯೋಣ ಎಂದುಕೊಂಡೆ.

ನಮ್ಮ ಸ್ಟಾಪ್ ಬಂತು. ಇವಳು ಏಳಲಿಲ್ಲ.

ಏನೇನೋ ಯೋಚನೆ. ಬರೆಯಲು ನಾಚಿಕೆ. ಯಾರು, ಎಲ್ಲಿ, ಎಷ್ಟು ದಿನದಿಂದ… ಜನ ಇಳಿಯುತ್ತಾ ಹೋದರು. ಕೊನೆಯ ಸ್ಟಾಪ್. ಡ್ರೈವರೂ ಆ ಬಸ್ಸಿನ ಕಂಡಕ್ಟರೂ ಇಳಿದು ಟೀ ಕುಡಿಯಲು ಹೋದರು. ಬಸ್ಸಿನಲ್ಲಿ ಇವಳು ಮುಂದೆ, ನಾನು ಕಟ್ಟಕಡೆಯ ಸೀಟಿನಲ್ಲಿ. ಯಾರೂ ಬರಲಿಲ್ಲ. ಯಾರೂ ಕಾಯುತ್ತಿರಲಿಲ್ಲ. ಇವಳು ಮುಂದಿನ ಸೀಟಿನ ಸರಳಿಗೆ ಹಣೆ ಆನಿಸಿದಳು. ಹಾಗೇ ಇದ್ದಳು. ಅಳುತ್ತಿರಲಿಲ್ಲ, ಬೆನ್ನು ಅಲುಗುತ್ತಿರಲಿಲ್ಲ. ಸುಮ್ಮನೆ ಇದ್ದಳು. ಯಾರಿಗೂ ಏನೂ ಆಗಬೇಕಾಗಿಲ್ಲದ ಒಬ್ಬ ಹೆಂಗಸು.

ಕರೆಯಲೇ? ಹೆಸರು ನಾಲಿಗೆಯ ತುದಿಯವರೆಗೆ ಬಂತು. ಕರೆಯಲಿಲ್ಲ. ಹಿಂದಿನ ಬಾಗಿಲಿನಿಂದ ಸದ್ದಾಗದಂತೆ ಇಳಿದು, ಮೂರು ಕಿಲೋಮೀಟರ್ ನಡೆದು ಅಂಗಡಿಗೆ ಬಂದೆ. ದಾರಿಯಲ್ಲಿ ಫೋನ್ ಮಾಡಿ, ಮರಿಯನ್ನು ನಾಲ್ಕಕ್ಕೆ ಬಿಡುತ್ತಾರೆ, ನೀನೇ ಕರೆದುಕೊಂಡು ಬಾ ಎಂದೆ. ಮೊದಲೇ ಹೇಳಬಾರದಿತ್ತಾ ಎಂದಳು. ಮರೆತೆ ಎಂದೆ.

ಕೋಪ ಬರಬೇಕಾಗಿತ್ತು. ನನ್ನನ್ನು ಬಾಗಿಲಲ್ಲಿ ಕಾಯಿಸಿ ಇಲ್ಲಿ ಬಂದು ಕೂರುತ್ತಾಳಲ್ಲ ಎಂದು. ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ನನಗೆ ಅಂಥದೊಂದು ಬಸ್ಸಿಲ್ಲವಲ್ಲ.


ಮಾರ್ಚ್ 6, ಗುರುವಾರ. 3.15

ಹೇಳಿಬಿಟ್ಟೆ.

ಹೇಳಬೇಕೆಂದು ಹೋಗಿರಲಿಲ್ಲ. ಕೌನ್ಸೆಲರ್ ಕೇಳಿದ್ದು ಸಿಟ್ಟಿನ ಬಗ್ಗೆ. ಸಿಟ್ಟು ಬರುವ ಮೊದಲು ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಎಂದು. ಒಬ್ಬರು ಕಿವಿ ಬಿಸಿಯಾಗುತ್ತದೆ ಎಂದರು. ಒಬ್ಬರು ಹೊಟ್ಟೆ ಎಂದರು. ನಾನು ಕೈ ಎಂದೆ. ಆಮೇಲೆ ನಿಲ್ಲಲಿಲ್ಲ. ಅಗೆದ ರಸ್ತೆ, ಫೋನ್ ಹಿಡಿದವನು, ನೋಯಲಿ ಎಂದು ಹಿಡಿದದ್ದು, ಗೇಟು ಎಂದು ಸುಳ್ಳು ಹೇಳಿದ್ದು. ನೆಲ ನೋಡುತ್ತಲೇ ಹೇಳಿದೆ. ಮುಗಿದ ಮೇಲೂ ತಲೆ ಎತ್ತಲಿಲ್ಲ. ಕುರ್ಚಿ ಹಿಂದೆ ಸರಿಸಿ ಎಲ್ಲರೂ ಎದ್ದುಹೋಗುತ್ತಾರೆ ಎಂದುಕೊಂಡಿದ್ದೆ.

ಕಂಡಕ್ಟರ್ ಮಾತಾಡಿದರು. ಮೆಲ್ಲಗೆ, ಟಿಕೆಟ್ ಕೇಳುವ ದನಿ ಅದಲ್ಲ. "ನಾನೊಂದಿನ ಅವಳನ್ನ ಕುರ್ಚಿ ಸಮೇತ ಸ್ಟಾಪಲ್ಲಿ ಬಿಟ್ಟು ಬಸ್ ಹತ್ತಿದೀನಿ. ಮುಂದಿನ ಸ್ಟಾಪಲ್ಲಿ ಇಳಿದು ಓಡಿ ಬಂದೆ. ಅವಳು ನಗ್ತಾ ಕೂತಿದ್ಲು. ಆಟ ಅಂದ್ಕೊಂಡಿದ್ಲು. ಆರು ವರ್ಷ ಆಯ್ತು, ಇವತ್ತೇ ಮೊದಲು ಬಾಯಿಬಿಡ್ತಿರೋದು."

ಅಜ್ಜಿ ಕಣ್ಣೊರೆಸಿಕೊಂಡರು. ಅವರೂ ಏನೋ ಹೇಳಲು ಹೊರಟು, ಬೇಡ, ಮುಂದಿನ ವಾರ ಎಂದರು.

ಕೌನ್ಸೆಲರ್ ಪರವಾಗಿಲ್ಲ ಎನ್ನಲಿಲ್ಲ. ಅಂದಿದ್ದರೆ ಮತ್ತೆ ಹೋಗುತ್ತಿರಲಿಲ್ಲ. ನೆಟ್ಟಗೆ ಹೇಳಿದರು — ಇದು ಮತ್ತೊಮ್ಮೆ ಆಗಬಾರದು. ಆಗಬಾರದು ಅಂದ್ರೆ ನೀವೊಬ್ಬರೇ ಹೊರೋದು ಮೊದಲು ನಿಲ್ಲಬೇಕು. ಟೀಚರ್‌ಗೆ ನಿಜ ಹೇಳಿ. ಮನೆಯಲ್ಲಿ ಹೇಳಿ. ಆಮೇಲೆ ಕೈಗೆ ಕೆಲಸ ಕೊಡುವುದನ್ನು ಕಲಿಸಿದರು. ಸಿಟ್ಟು ಕೈಗಿಳಿಯಿತು ಎನ್ನಿಸಿದೊಡನೆ ಎರಡೂ ಕೈ ಜೇಬಿಗೆ, ಒಂದು ಹೆಜ್ಜೆ ಹಿಂದೆ. ಅವಳು ಕಿರುಚಲಿ, ರಸ್ತೆಗೆ ಓಡದ ಹಾಗೆ ಅಡ್ಡ ನಿಂತರೆ ಸಾಕು. ಜನ ನೋಡಲಿ. ಜನರಿಗೆ ಕೆಲಸವಿಲ್ಲ, ನಿಮಗಿದೆ.

ಜೇಬಿಲ್ಲದ ಪ್ಯಾಂಟಾದರೆ ಎಂದು ಅಜ್ಜಿ ಕೇಳಿದರು. ಹೊಲಿಸ್ಕೊಳ್ಳಲಿ ಎಂದರು ಕಂಡಕ್ಟರ್.


ಮಾರ್ಚ್ 7, ಶುಕ್ರವಾರ

ಟೀಚರ್‌ಗೆ ಹೇಳಿದೆ. ಗೊತ್ತಿತ್ತು ಎಂದರು. ಆ ಬುಧವಾರವೇ ಗೊತ್ತಿತ್ತಂತೆ. ದಿನಾ ಬೆಳಗ್ಗೆ ಮರಿಯ ಕೈಕಾಲು ನೋಡುತ್ತಿದ್ದರಂತೆ. ಮತ್ತೊಂದು ಗುರುತು ಕಂಡಿದ್ದರೆ ಮೇಲಿನವರಿಗೆ ತಿಳಿಸುತ್ತಿದ್ದೆ ಎಂದರು. ಈಗಲೂ ನೀವು ಹೇಳಿದ್ದನ್ನು ಬರೆದಿಡಬೇಕಾಗುತ್ತದೆ ಎಂದರು. ಬರೆಯಿರಿ ಎಂದೆ. ನನ್ನೆದುರೇ ಬರೆದರು. ಓದಿ ಸಹಿ ಮಾಡಿದೆ. ತಂದೆ ಎಂದು ಅಚ್ಚಾಗಿದ್ದ ಕಡೆ.

ನಮ್ಮಿಬ್ಬರಲ್ಲದೆ ಇನ್ನೂ ಯಾರೋ ಒಬ್ಬರು ದಿನಾ ನಮ್ಮ ಮರಿಯ ಮೈ ನೋಡುತ್ತಿದ್ದಾರೆ ಎಂಬುದು… ಅವಮಾನವೂ ಹೌದು, ಆಸರೆಯೂ ಹೌದು.

ಇನ್ನು ಇವಳಿಗೆ ಹೇಳಬೇಕು. ಹತ್ತು ನಿಮಿಷದಲ್ಲಿ ಅದನ್ನು ಹೇಗೆ ಹೇಳುವುದು?


ಮಾರ್ಚ್ 8, ಶನಿವಾರ

ಹೇಳಲಿಲ್ಲ. ಗ್ಯಾಸ್ ಮುಗಿದಿದೆ ಎಂದು ಮಾತ್ರ ಹೇಳಿದೆ.


ಮಾರ್ಚ್ 11, ಮಂಗಳವಾರ. 3.30

ನಿನ್ನೆ ಅಂಗಡಿಗೆ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಕಾಯಿಲೆಯಿಲ್ಲದೆ ಮೊದಲ ರಜೆ.

ಇವಳು ಬಂದದ್ದು ಎರಡು ಐವತ್ತೈದಕ್ಕೆ. ನಾನು ಒಂದು ಕಾಲಿಗೆ ಶೂ ಹಾಕಿ ಮೆಟ್ಟಿಲ ಮೇಲೆ ಕೂತಿದ್ದೆ. ಇನ್ನೊಂದನ್ನು ಹಾಕಲಾಗಲಿಲ್ಲ. ಮರಿಯ ತೋಳು ಹಿಡಿದದ್ದು ನಾನು ಎಂದೆ. ಮುನ್ನುಡಿ ಇಲ್ಲ, ಏನಿಲ್ಲ. ಹೇಗೆ ಹಿಡಿದೆ ಎಂಬುದನ್ನೂ ಹೇಳಿದೆ.

ಇವಳು ಬ್ಯಾಗ್ ಕೆಳಗಿಡದೆ ನಿಂತೇ ಇದ್ದಳು. ಆಮೇಲೆ ನನ್ನ ಪಕ್ಕ ಕೂತಳು. ಮೆಟ್ಟಿಲು ಕಿರಿದು, ಭುಜಕ್ಕೆ ಭುಜ ತಾಗಿತು. ಎಷ್ಟೋ ದಿನವಾಗಿತ್ತು.

"ನಂಗೊತ್ತು," ಅಂದಳು. "ಅವತ್ತೇ ಸ್ನಾನ ಮಾಡಿಸುವಾಗ ನೋಡಿದೆ. ಆ ಗುರುತಿನ ಮೇಲೆ ನನ್ನ ಕೈ ಇಟ್ಟು ಅಳತೆ ನೋಡ್ದೆ ರೀ. ನನ್ ಬೆರಳು ಚಿಕ್ಕದಾಯ್ತು. ಸದ್ಯ, ನಾನಲ್ಲ ಅಂತ ಅಂದ್ಕೊಂಡೆ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನಲ್ಲ ಎಂದರೆ? ನೀನು ಯಾವಾಗ — ಎಂದೆ. ಇವಳು ಮರಿಯ ಕಡೆ ನೋಡಿದಳು. ಮರಿ ಬಾಗಿಲ ಹಿಂದೆ ಹಳೆ ಪೇಪರನ್ನು ಉದ್ದುದ್ದ ಪಟ್ಟಿಯಾಗಿ ಹರಿಯುತ್ತಿದ್ದಳು, ಒಂದೇ ಅಗಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ.

"ಗೊತ್ತಿಲ್ಲ. ಅದಕ್ಕೇ ಅಳತೆ ನೋಡಿದ್ದು. ಕೆಲವು ಸಂಜೆ ನಾನು ಹೇಗೆ ಕಳೆದೆ ಅಂತ ನಂಗೇ ನೆನಪಿರಲ್ಲ. ಭಯ ಆಗುತ್ತೆ. ಮನೆಗೆ ಬರಕ್ಕೆ ಭಯ ಆಗುತ್ತೆ."

ನಾನು ಬಸ್ಸಿನ ವಿಷಯ ಹೇಳಿದೆ. ಕಟ್ಟಕಡೆಯ ಸೀಟಿನಲ್ಲಿ ನಾನೂ ಇದ್ದೆ ಎಂದೆ. ಇವಳ ಮುಖ ಕೆಂಪಾಯಿತು. ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಹಾಗೆ.

"ಕರೀಬಾರ್ದಿತ್ತಾ?"

"ಕರೆದಿದ್ರೆ ನೀನು ಏಳಬೇಕಾಗ್ತಿತ್ತು."

ಆಗ ಅತ್ತಳು. ಸದ್ದಿಲ್ಲದೆ, ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡೇ. ಅಪ್ಪಿಕೊಳ್ಳಬೇಕಿತ್ತೇನೋ. ಅಭ್ಯಾಸ ತಪ್ಪಿಹೋಗಿದೆ. ಬ್ಯಾಗನ್ನು ತೆಗೆದು ಪಕ್ಕಕ್ಕಿಟ್ಟೆ, ಅಷ್ಟೇ. ಮರಿ ಬಂದು ಒಂದು ಕಾಗದದ ಪಟ್ಟಿಯನ್ನು ಇವಳ ತಲೆಯ ಮೇಲೆ ಇಟ್ಟು ಹೋದಳು. ಇಬ್ಬರೂ ತೆಗೆಯಲಿಲ್ಲ.

ನಾಲ್ಕು ಗಂಟೆಯಾದರೂ ಮೆಟ್ಟಿಲ ಮೇಲೇ ಇದ್ದೆವು. ಒಂದು ಕಾಲಿಗೆ ಶೂ.


ಮಾರ್ಚ್ 13, ಗುರುವಾರ

ಇವಳು ಇವತ್ತಿಗೆ ರಜೆ ಹಾಕಿದಳು. ಬಂದಳು. ಪುಟ್ಟ ಕುರ್ಚಿಯಲ್ಲಿ ನನ್ನ ಪಕ್ಕ. ಮಾತಾಡಲಿಲ್ಲ. ಕೇಳಿದಳು. ಸಂಜೆಯ ಭಯದ ಬಗ್ಗೆ ಕೌನ್ಸೆಲರ್ ಹತ್ತಿರ ಬೇರೆಯಾಗಿ ಮಾತಾಡಿದಳು, ಬಾಗಿಲು ಹಾಕಿಕೊಂಡು. ಡಾಕ್ಟರನ್ನು ಕಾಣಬೇಕಂತೆ, ದಿನ ಗೊತ್ತಾಗಿದೆ. ಆದಷ್ಟು ಮಟ್ಟಿಗೆ ಸಂಜೆ ಮರಿಯ ಜೊತೆ ಒಬ್ಬಳೇ ಇರಬಾರದು ಎಂದಿದ್ದಾರೆ. ಯಜಮಾನರಿಗೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾರದಲ್ಲಿ ಮೂರು ದಿನ ಲೆನ್ಸ್ ಕೆಲಸ ಬೆಳಗ್ಗೆ ಹತ್ತಕ್ಕೇ ಬಂದು ಮುಗಿಸು, ಸಂಜೆ ಐದಕ್ಕೆ ಹೋಗು ಎಂದರು. ಆ ಮೂರು ದಿನ ಮರಿಯನ್ನು ಶಾಲೆಯಲ್ಲೇ ಎರಡೂವರೆಯ ತನಕ ಇಟ್ಟುಕೊಳ್ಳುತ್ತೇವೆ ಎಂದರು ಟೀಚರ್. ಇವಳು ನೇರ ಅಲ್ಲಿಗೇ ಹೋಗಿ ಕರೆತರುತ್ತಾಳೆ. ಮೊದಲೇ ಕೇಳಬಹುದಿತ್ತು. ಕೇಳಬೇಕು ಎಂದೇ ತೋಚಿರಲಿಲ್ಲ. ಇಷ್ಟು ವರ್ಷ ಯಜಮಾನರು ಗಡಿಯಾರ ನೋಡಿದ್ದು ಕೋಪಕ್ಕೋ, ಏನು ಕೇಳಬೇಕು ಎಂದು ತಿಳಿಯದೆಯೋ.

ಕಂಡಕ್ಟರ್ ಒಂದು ಮಾತು ಎತ್ತಿದ್ದಾರೆ. ಈ ಭಾನುವಾರ ಅವರ ಮಗಳು ಎರಡು ಗಂಟೆ ನಮ್ಮ ಮನೆಯಲ್ಲಿ. ಮುಂದಿನ ಭಾನುವಾರ ಮರಿ ಅವರ ಮನೆಯಲ್ಲಿ. "ನಮ್ಮ ಮಕ್ಕಳನ್ನ ನೋಡಿ ಗಾಬರಿ ಆಗದೇ ಇರೋರು ನಾವೇ ತಾನೇ," ಎಂದರು.


ಮಾರ್ಚ್ 16, ಭಾನುವಾರ

ಕಂಡಕ್ಟರ್ ಮಗಳು ಬಂದಳು. ಎಲ್ಲದಕ್ಕೂ ನಗುತ್ತಾಳೆ. ಮಿಕ್ಸಿಗೆ, ನನ್ನ ಕೆಮ್ಮಿಗೆ, ಕರ್ಟನ್ನಿಗೆ. ಮರಿ ಮೊದಲು ಕಿವಿ ಮುಚ್ಚಿಕೊಂಡು ಮೂಲೆ ಸೇರಿದಳು. ಒಂದು ಗಂಟೆಯ ಮೇಲೆ ಹತ್ತಿರ ಬಂದು ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿದಳು. ಸ್ನೇಹ ಎಂದು ಬರೆಯಲು ಹೊರಟೆ. ಬೇಡ. ಗಾಲಿ ಇಷ್ಟವಾಯಿತು, ಅಷ್ಟೇ ಇರಬಹುದು. ಅಷ್ಟಾದರೂ ಆಯಿತು.

ತಾಯಿ ಕರೆದುಕೊಂಡು ಹೋಗಲು ಬಂದಾಗ ಅವರ ಕೆನ್ನೆಯ ಮೇಲೆ ದಿಂಬಿನ ಗೆರೆ ಇತ್ತು.


ಮಾರ್ಚ್ 20, ಗುರುವಾರ

ಬೇಲಿಯ ಪಕ್ಕ ಅಗೆದ ಗುಂಡಿ ಇನ್ನೂ ಮುಚ್ಚಿಲ್ಲ. ಮರಿ ಇವತ್ತೂ ಕೂತಳು, ಕಿರುಚಿದಳು. ಕೈ ಜೇಬಿನಲ್ಲಿಟ್ಟು ನಿಂತೆ. ಹದಿನೇಳು ನಿಮಿಷ. ಜನ ನೋಡಿದರು. ಯಾರೋ ಏನೋ ಅಂದರು. ಜೇಬಿನೊಳಗೆ ಮುಷ್ಟಿ ಬಿಗಿದೇ ಇತ್ತು. ಕಾಲ ಕೂಡ ಅದನ್ನು ಬಿಡಿಸುವುದಿಲ್ಲವೇನೋ. ಆದರೆ ಜೇಬಿನಿಂದ ಹೊರಗೆ ಬರಲಿಲ್ಲ.

ಆಮೇಲೆ ತಾನಾಗಿ ಎದ್ದಳು. ನಡೆದೆವು. ಇಡೀ ರಸ್ತೆಯಲ್ಲಿ ನಮ್ಮಷ್ಟು ಒಂಟಿ ಯಾರೂ ಇರಲಿಲ್ಲ, ಇಬ್ಬರೂ ಜೊತೆಯಲ್ಲೇ ಇದ್ದೆವು.


ಮಾರ್ಚ್ 23, ಭಾನುವಾರ. ಬೆಳಗ್ಗೆ 10.40, ಮನೆ

ಮರಿ ಹತ್ತಕ್ಕೆ ಕಂಡಕ್ಟರ್ ಮನೆಗೆ ಹೋದಳು. ಹನ್ನೆರಡರ ತನಕ ನಾವಿಬ್ಬರೇ.

ಮನೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಇವಳು ಸೋಫಾದ ಆ ತುದಿ, ನಾನು ಈ ತುದಿ. ಮರಿಯ ವಿಷಯ ಬಿಟ್ಟು ಏನಾದರೂ ಮಾತಾಡೋಣ ಎಂದಳು. ಸರಿ ಎಂದೆ. ಹನ್ನೊಂದು ನಿಮಿಷ ಇಬ್ಬರಿಗೂ ಏನೂ ಹೊಳೆಯಲಿಲ್ಲ. ಫ್ರಿಜ್ ಸದ್ದು ಮಾಡಿತು, ನಿಂತಿತು. ಫ್ರಿಜ್ಜಿನ ಬಗ್ಗೆ ಮಾತಾಡಿದೆವು. ಅದೂ ಮುಗಿಯಿತು. ಮದುವೆಗೆ ಮೊದಲು ಏನೇನು ಹರಟುತ್ತಿದ್ದೆವು, ಗಂಟೆಗಟ್ಟಲೆ. ಒಂದೂ ನೆನಪಾಗಲಿಲ್ಲ. ಆ ಇಬ್ಬರು ಎಲ್ಲಿ ಹೋದರೋ.

ಎದ್ದು ಈ ಪುಸ್ತಕ ತೆಗೆದೆ. ಏನು ಬರೀತೀರಿ ಎಂದಳು. ಸುಮ್ಮನೆ ಎಂದೆ. ಇಣುಕಲಿಲ್ಲ.

ಎತ್ತಲೋ ನೋಡುತ್ತಾ ಹೇಳಿದಳು — ನಾಲ್ಕು ತಿಂಗಳಿಂದ ಒಂದು ಹಲ್ಲು ನೋಯುತ್ತಿದೆಯಂತೆ. ಒಂದೇ ಕಡೆ ಅಗಿಯುತ್ತಾಳಂತೆ. ಯಾರಿಗೂ ಹೇಳಿಲ್ಲ. ಹೇಳಲು ಹೊತ್ತೆಲ್ಲಿ ಎಂದಳು. ನಾಲ್ಕು ತಿಂಗಳು. ಒಂದೇ ಸೂರಿನ ಕೆಳಗೆ.

ನಾಳೆ ಡೆಂಟಿಸ್ಟ್ ಹತ್ತಿರ ಹೋಗೋಣ, ಇಬ್ಬರೂ, ಎಂದೆ. ನೀವ್ಯಾಕೆ ಎಂದಳು. ಬರುತ್ತೇನೆ ಎಂದೆ. ಯಾವ ಹಲ್ಲು, ತೋರಿಸು ಎಂದೆ. ನಾಚಿಕೊಂಡಳು. ನೀವು ಕನ್ನಡಕದವರು, ಹಲ್ಲಿನವರಲ್ಲ ಎಂದಳು. ನೋಡುವುದು ತಾನೇ ನನ್ನ ಕೆಲಸ ಎಂದೆ. ನಕ್ಕಳು, ನೋಯುವ ಕಡೆಗೆ ಕೈ ಅಡ್ಡ ಹಿಡಿದು.

ಟಾರ್ಚ್ ತರಲು ಒಳಗೆ ಹೋದಳು. ಬಂದಳು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಬರೆಯೋದು ಮುಗೀತಾ ಎಂದಳು. ಇನ್ನೊಂದೇ ಸಾಲು ಎಂದೆ. ಕಿಟಕಿಯ ಕಡೆ ತಿರುಗಿ ಬಾಯಿ ತೆರೆದಿದ್ದಾಳೆ, ಕಣ್ಣು ಮುಚ್ಚಿಕೊಂಡು. ಕೆಳಗಿನ ಸಾಲು, ಎಡಗಡೆ, ಕೊನೆಯಿಂದ ಎರಡನೆಯದು. ಪೆನ್ನು ಕೆಳಗಿಡುತ್ತೇನೆ.